ಒಂದು ಬೊಗಸೆ ಹೆಪ್ಪು

ನಮ್ಮ ಬಾಲ್ಕನಿ ಮೂಲೆಯಲ್ಲಿ 20 ಲೀಟರಿನ ಎರಡು ಹಳೇ ಪೇಂಟ್ ಬಕೆಟ್ ಇವೆ. ಸುತ್ತ ತೂತು, ಮೇಲೆ ಮುಚ್ಚಳ. ನಾಲ್ಕು ಜನರ ಮನೆಯ ಹಸಿ ಕಸವೆಲ್ಲ ಅದರೊಳಗೇ ಹೋಗುತ್ತದೆ. ಒಂದು ತುಂಬಿದರೆ ಅದನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಶುರು ಮಾಡುತ್ತೇವೆ. ಎರಡು ಮೂರು ತಿಂಗಳಿಗೆ ಗೊಬ್ಬರ ರೆಡಿ.

ಇದಕ್ಕೂ ಮೊದಲು ದುಡ್ಡು ಕೊಟ್ಟು ಒಂದು ಕಿಟ್ ತರಿಸಿದ್ದೆ. ಮೂರು ಅಂತಸ್ತಿನ ಡಬ್ಬ, ಜೊತೆಗೆ ಒಂದು ಪುಡಿ. ಹದಿನೈದು ದಿನಕ್ಕೆ ನಾರತೊಡಗಿತು. ಬಿಳಿ ಹುಳ ಕಾಣಿಸಿಕೊಂಡವು. ಕೆಳಗಿನ ಮನೆಯವರು ಬಂದು ಹೇಳಿ ಹೋದರು. ಅವರದ್ದೇನೂ ತಪ್ಪಿಲ್ಲ. ಡಬ್ಬವನ್ನು ತೊಳೆದು ಅಟ್ಟಕ್ಕೆ ಹಾಕಿದೆ.

ಆಮೇಲೆ ಊರಿಂದ ಅತ್ತೆ ಬಂದರು. ನಾನು ಮತ್ತೆ ಪ್ರಯತ್ನಿಸೋಣ ಅಂತ ಬಕೆಟ್ಟಿಗೆ ಸಿಪ್ಪೆ ತುಂಬಿಸಿ ಇಟ್ಟಿದ್ದೆ. ಮುಚ್ಚಳ ತೆಗೆದು ನೋಡಿದರು. "ಏನಮ್ಮಾ, ಬರೀ ಹಸಿದೇ ತುಂಬಿದೀಯಲ್ಲ. ಒಣಗಿದ್ದು ಬೇಡ್ವಾ? ಗಾಳಿ ಎಲ್ಲಿಂದ ಆಡ್ಬೇಕು?" ಅಂದರು. ಸಂಜೆ ಇಬ್ಬರೂ ರಸ್ತೆ ಕೊನೆಗೆ ಹೋಗಿ ಹೊಂಗೆ ಮರದ ಕೆಳಗೆ ಗುಡ್ಡೆ ಹಾಕಿದ್ದ ತರಗೆಲೆಯನ್ನು ಒಂದು ಚೀಲ ತುಂಬಿಸಿ ತಂದೆವು. ಒಂದು ಹಿಡಿ ಸಿಪ್ಪೆಗೆ ಎರಡು ಹಿಡಿ ಎಲೆ, ಮೇಲೆ ಸ್ವಲ್ಪ ಹುಳಿ ಮಜ್ಜಿಗೆ. ಮೂರು ದಿನಕ್ಕೆ ವಾಸನೆ ಹೋಯಿತು. ವಾರ ಕಳೆದ ಮೇಲೆ ಕೈ ಹಾಕಿದರೆ ಒಳಗೆ ಬಿಸಿ! ಆ ಬಿಸಿ ತಾಕಿದಾಗ ಆದ ಖುಷಿ ಈಗಲೂ ನೆನಪಿದೆ.

ಹಸಿ ಸಿಪ್ಪೆಯಲ್ಲಿ ಸಾರಜನಕ ಜಾಸ್ತಿ, ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ಸಾರಜನಕ ಒಂದು ಪಾಲಿದ್ದರೆ ಇಂಗಾಲ 25ರಿಂದ 30 ಪಾಲು ಇರಬೇಕು. ನೀರು ಹೆಚ್ಚಾಗಿ ಗಾಳಿ ಆಡದಿದ್ದರೆ ಗಾಳಿ ಬೇಡದ ಬ್ಯಾಕ್ಟೀರಿಯಾ ಬೆಳೆದು ನಾರುತ್ತದೆ. ಇದನ್ನೆಲ್ಲ ನಾನು ಮೊದಲೇ ಓದಿದ್ದೆ. ಆದರೂ ಕಿಟ್ ಕೆಟ್ಟಾಗ ಯಾಕೆ ಕೆಟ್ಟಿತು ಅಂತ ಗೊತ್ತಾಗಲಿಲ್ಲ. ಅತ್ತೆಗೆ ಇಂಗಾಲ, ಸಾರಜನಕದ ಲೆಕ್ಕ ಗೊತ್ತಿಲ್ಲ. ಆದರೆ ನಲವತ್ತು ವರ್ಷ ತಿಪ್ಪೆಗೆ ಸಗಣಿ, ಬೂದಿ, ದನ ತಿಂದು ಬಿಟ್ಟ ಹುಲ್ಲು ಹಾಕಿದ ಕೈ ಅವರದು. ಒಂದು ಹಿಡಿ ತೆಗೆದು ಹಿಂಡುತ್ತಾರೆ. ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಅಷ್ಟೇ ಪರೀಕ್ಷೆ. ನಾನು ಹೆದರಿದ್ದ ಹುಳಗಳು ಕಪ್ಪು ಸೈನಿಕ ನೊಣದ ಮರಿಗಳು ಅಂತ ಆಮೇಲೆ ತಿಳಿಯಿತು. ಕಚ್ಚುವುದಿಲ್ಲ, ಕಸವನ್ನು ಬೇಗ ತಿಂದು ಮುಗಿಸುತ್ತವೆ.

ಅದಕ್ಕೇ ನನಗೆ ಅನ್ನಿಸುತ್ತದೆ, ಪರಿಸರಕ್ಕೆ ಹಗುರಾಗಿ ಬದುಕೋದನ್ನು ನಾವು ಅಂಗಡಿಯಲ್ಲಿ ಹುಡುಕುತ್ತಿದ್ದೇವೆ. ಬಿದಿರಿನ ಬ್ರಷ್, ಸ್ಟೀಲ್ ಸ್ಟ್ರಾ, ರೆಡಿಮೇಡ್ ಕಿಟ್. ತಗೊಂಡರೆ ತಪ್ಪಿಲ್ಲ. ಆದರೆ ಕೊಂಡ ವಸ್ತು ಕೆಟ್ಟರೆ ನಮಗೆ ಎಸೆಯೋದು ಬಿಟ್ಟು ಬೇರೆ ದಾರಿ ಗೊತ್ತಿರಲ್ಲ. ನಾವೇ ಮಾಡಿದ್ದು ಕೆಟ್ಟರೆ ಎಲ್ಲಿ ಕೆಟ್ಟಿದೆ ಅಂತ ಕೈಗೆ ಗೊತ್ತಾಗುತ್ತದೆ. ಈ ಬಕೆಟ್ಟಿನ ತೂತುಗಳನ್ನು ಕಾಯಿಸಿದ ಸ್ಕ್ರೂಡ್ರೈವರ್‌ನಿಂದ ನಾನೇ ಮಾಡಿದ್ದು. ಕೆಳಗೆ ನೀರು ನಿಲ್ಲುತ್ತಿದೆ ಅಂತ ಕಂಡಾಗ ತಳಕ್ಕೆ ಇನ್ನೂ ನಾಲ್ಕು ಕೊರೆದೆ, ಅಡಿಗೆ ಒಂದು ತಟ್ಟೆ ಇಟ್ಟೆ. ಯಾರನ್ನೂ ಕೇಳಬೇಕಾಗಲಿಲ್ಲ.

ಮಳೆ ನೀರಿನ ಡ್ರಮ್ ಇನ್ನೂ ಜಾಸ್ತಿ ಕಲಿಸಿತು. 2024ರ ಬೇಸಿಗೆ ಬೆಂಗಳೂರಿನವರಿಗೆ ನೆನಪಿರುತ್ತದೆ. ನಮ್ಮ ಬೀದಿಯ ಬೋರ್‌ವೆಲ್ ಬತ್ತಿತು, ಟ್ಯಾಂಕರ್‌ಗೆ ಕಾದು ಕೂತೆವು. ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಆಗಿ ಬರಬೇಕು. ಮೇ ತಿಂಗಳಲ್ಲಿ ಮಳೆ ಸುರಿದಾಗ ಕಾರ್ ಶೆಡ್ಡಿನ ಶೀಟಿನಿಂದ ನೀರು ಧೋ ಅಂತ ಚರಂಡಿಗೆ ಹೋಗೋದನ್ನು ನೋಡಿ ಹೊಟ್ಟೆ ಉರಿಯಿತು.

ಬಾಡಿಗೆ ಮನೆ. ಓನರ್ ಒಪ್ಪಿಗೆ ಕೇಳಿ 200 ಲೀಟರಿನ ನೀಲಿ ಡ್ರಮ್ ತಂದೆವು. ನಲ್ಲಿ ಹಾಕಲು ತೂತು ಕೊರೆದು ಟ್ಯಾಂಕ್ ನಿಪ್ಪಲ್ ಕೂರಿಸಿದೆವು. ಸೋರಿತು. ಟೆಫ್ಲಾನ್ ಟೇಪ್ ಸುತ್ತಿದೆವು. ಮತ್ತೆ ಸೋರಿತು. ಪರಿಚಯದ ಪ್ಲಂಬರ್ ಅಣ್ಣ ನೋಡಿ, "ಮೇಡಂ, ರಬ್ಬರ್ ವಾಷರ್ ಒಳಗಡೆ ಬರಬೇಕು, ನೀವು ಹೊರಗಡೆ ಹಾಕಿದೀರಾ" ಅಂದರು. ಅವತ್ತಿನಿಂದ ಮನೆಯ ಯಾವ ನಲ್ಲಿಯಾದರೂ ಸೋರಲಿ, ನಮಗೆ ಭಯವಿಲ್ಲ. ಇಟ್ಟಿಗೆ ಮೇಲೆ ಡ್ರಮ್ ಕೂರಿಸಿ, ಬಾಯಿಗೆ ಸೊಳ್ಳೆ ಪರದೆ ಕಟ್ಟಿದೆವು. ವರ್ಷದ ಮೊದಲ ಮಳೆಯನ್ನು ಸುಮ್ನೆ ಹರಿದುಹೋಗಲು ಬಿಡುತ್ತೇವೆ, ಶೀಟಿನ ಧೂಳು ತೊಳೆಯಲಿ ಅಂತ. ಕುಡಿಯಲು ಅಲ್ಲ, ಗಿಡಕ್ಕೆ, ಕಾರಿಗೆ, ನೆಲಕ್ಕೆ.

ಎಷ್ಟು ಮಳೆ ನೀರು ಸಿಗುತ್ತದೆ ಅನ್ನೋ ಲೆಕ್ಕವನ್ನು ಮಗಳು ತಾನೇ ಮಾಡಿದಳು. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಶೀಟು ಹತ್ತು ಚದರ ಮೀಟರ್. ಅಂದರೆ 20 ಮಿ.ಮೀ. ಮಳೆಗೆ ಡ್ರಮ್ ತುಂಬುತ್ತದೆ. ಆಮೇಲೆ ಇಡೀ ಮನೆಗೆ ಹಾಕಿದಳು. 30-40 ಅಡಿ ಸೈಟಿನ ಪೂರ್ತಿ ಚಾವಣಿ, ಬೆಂಗಳೂರಿನ ವರ್ಷದ ಸರಾಸರಿ ಮಳೆ ಸುಮಾರು 970 ಮಿ.ಮೀ. ಒಂದು ಲಕ್ಷ ಲೀಟರ್ ದಾಟಿತು! "ಅಮ್ಮಾ, ಇಷ್ಟೂ ಚರಂಡಿಗಾ?" ಅಂದಳು. ಸುಮ್ಮನೆ ಹೇಳುತ್ತಿಲ್ಲ, ಬೆಂಗಳೂರಿನ ವಿಜಯನಗರದಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರ ಮನೆ 1990ರ ದಶಕದಿಂದ ಮಳೆ ನೀರಿನಲ್ಲೇ ನಡೆದಿದೆ. ಇದೇ ಮಗಳ ಜೊತೆ ಶಾಲೆಯ ಪರಿಸರ ದಿನಕ್ಕೆ ರಾತ್ರಿ ಹನ್ನೊಂದರವರೆಗೆ ಕೂತು ಥರ್ಮಾಕೋಲ್‌ನಲ್ಲಿ ಕಾಡು ಮಾಡಿದ್ದೂ ಇದೆ. ಆ ಥರ್ಮಾಕೋಲ್ ಕೊನೆಗೆ ಕಸಕ್ಕೇ ಹೋಯಿತು. ಶಾಲೆಗಳು ತರಗತಿಗೊಂದು ಬಕೆಟ್ ಕೊಟ್ಟು, ವರ್ಷವಿಡೀ ಮಕ್ಕಳ ಊಟದ ಡಬ್ಬಿಯ ಸಿಪ್ಪೆ ಹಾಕಿಸಿದರೆ ಎಷ್ಟು ಚೆನ್ನ ಅಲ್ವಾ?

ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ಬಹಳ ಮನೆಗಳಲ್ಲಿ ಈ ಕೆಲಸವೂ ಹೆಂಗಸರ ತಲೆಗೇ ಬರುತ್ತದೆ. ಅಡುಗೆ, ಪಾತ್ರೆ, ಬಟ್ಟೆ, ಜೊತೆಗೆ ಈಗ ಕಾಂಪೋಸ್ಟು. ಹಾಗಾದರೆ ಬೇಡವೇ ಬೇಡ. ನಮ್ಮಲ್ಲಿ ತರಗೆಲೆ ತರೋದು, ಬಕೆಟ್ ಕೆದಕೋದು ಯಜಮಾನರ ಕೆಲಸ, ಡ್ರಮ್ಮಿನ ಪರದೆ ತೊಳೆಯೋದು ಮಗಳದು.

ಮನೆಯಲ್ಲೇ ಮಾಡಿಕೊಳ್ಳಿ ಅಂದರೆ ಪಾಲಿಕೆಯ ಜವಾಬ್ದಾರಿ ಕಡಿಮೆಯಾಗುತ್ತದೆ ಅಂತಲೂ ಅಲ್ಲ. ನಮ್ಮ ನಗರದ ಕಸವನ್ನು ಹೊತ್ತ ಹೊರವಲಯದ ಹಳ್ಳಿಗಳಾದ ಮಾವಳ್ಳಿಪುರದವರು, ಮಂಡೂರಿನವರು 2012ರಲ್ಲಿ, 2014ರಲ್ಲಿ ಬೀದಿಗಿಳಿದಾಗ ನಾನು ಅದನ್ನು ಟಿವಿಯಲ್ಲಿ ನೋಡಿ ಚಾನೆಲ್ ಬದಲಿಸಿದ್ದೆ. ಹದಿನೈದು ದಿನ ಒಂದು ಡಬ್ಬದ ವಾಸನೆ ತಡೆಯೋಕಾಗದ ಮೇಲೆ ಆ ಊರಿನವರು ವರ್ಷಗಟ್ಟಲೆ ಹೇಗೆ ತಡೆದರು ಅಂತ ನೆನೆದು ನಾಚಿಕೆಯಾಯಿತು. ಈಗ ಸಿಪ್ಪೆ ಜೊತೆ ಒಂದು ಹಾಲಿನ ಕವರ್ ಚೂರು ಸಿಕ್ಕರೂ ಕೈ ತಾನಾಗೇ ಹೆಕ್ಕಿ ತೆಗೆಯುತ್ತದೆ.

ಶುರು ಮಾಡಬೇಕು ಅಂದುಕೊಂಡವರು ಪುಡಿಗಿಡಿ ಕೊಳ್ಳಬೇಡಿ. ಹಳೇ ಗೊಬ್ಬರ ಒಂದು ಬೊಗಸೆ ಸಾಕು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ನಾವು ಪಕ್ಕಕ್ಕಿಟ್ಟಿದ್ದ ಬಕೆಟ್ಟಿನ ಗೊಬ್ಬರ ಈ ವಾರ ರೆಡಿಯಾಗಿದೆ. ಭಾನುವಾರ ಬೆಳಗ್ಗೆ ಮನೆಯಲ್ಲೇ ಇರುತ್ತೇನೆ. ಹತ್ತಿರದಲ್ಲಿರುವವರು ಬನ್ನಿ, ಡಬ್ಬಿ ತನ್ನಿ.