ದೋಹಾದಾಗ ನೆನಪಾದ ಹಗೇವು

2017ರ ಜೂನ್ 5ರಂದು ಸೌದಿ ಅರೇಬಿಯಾ ಕತಾರಿನ ಜೊತೆಗಿನ ಗಡಿ ಮುಚ್ಚಿತು. ರಮ್ಜಾನ್ ಉಪವಾಸದ ದಿನಗಳು. ಕತಾರಿನ ರಾಜಧಾನಿ ದೋಹಾದಲ್ಲಿ ನಾನು ಅಂಗಡಿಗೆ ಹೋದರೆ ಹಾಲಿನ ಕಪಾಟು ಬರಿದು, ಕೋಳಿ ಇಲ್ಲ, ಜನ ಅಕ್ಕಿ ಚೀಲ ಹೊತ್ತು ಪಾಳಿ ಹಚ್ಚಿದ್ದರು. ಎಲ್ಲರ ಕಿಸೆಯಲ್ಲೂ ರಿಯಾಲ್ ಇತ್ತು. ಆದರೆ ಈ ಶ್ರೀಮಂತ ನಾಡಿನ ಊಟದ ದೊಡ್ಡ ಪಾಲು ಬರುತ್ತಿದ್ದುದು ಆ ಒಂದೇ ಗಡಿ ದಾಟಿ. ತುರ್ಕಿ, ಇರಾನಿನಿಂದ ಸಾಮಾನು ಬಂದ ಮೇಲೆಯೇ ಜೀವಕ್ಕೆ ಸಮಾಧಾನ. ಆಮೇಲೆ ಹಾಲಿಗಾಗಿ ಹಸುಗಳನ್ನೇ ವಿಮಾನದಲ್ಲಿ ತರಿಸಿದರು. ಹಮದ್ ಬಂದರಿನಲ್ಲಿ ಅಕ್ಕಿ, ಸಕ್ಕರೆ, ಎಣ್ಣೆ ಕೂಡಿಡಲು ಉಗ್ರಾಣ ಕಟ್ಟಿದರು.

ಅದು ನಮ್ಮ ಹಗೇವೇ, ಕಾಳು ಕೂಡಿಡುವ ನೆಲದೊಳಗಿನ ಗುಂಡಿಯೇ ಅಲ್ಲವೆ? ಗದಗ ಜಿಲ್ಲೆಯ ರೋಣದ ಕಡೆ ನಮ್ಮ ಮನೆಯ ಮುಂದೆ ಒಂದಿತ್ತು. ಬಾಯಿ ಒಬ್ಬ ಇಳಿಯುವಷ್ಟು, ಹೊಟ್ಟೆ ಗಡಿಗೆಯಂತೆ ಅಗಲ. ಒಳಗೆ ಸುತ್ತಲೂ ಜೋಳದ ಒಣ ದಂಟಿನ ಕಣಿಕಿ ಒತ್ತಿ, ಜೋಳ ಸುರುವಿ, ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆರೆದ ದಿನ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಅಜ್ಜ ಮೊದಲು ಹಗ್ಗ ಕಟ್ಟಿ ಕಂದೀಲು ಇಳಿಬಿಡುತ್ತಿದ್ದ. ಅದು ಆರಿದರೆ ಒಳಗೆ ಕೆಟ್ಟ ಗಾಳಿ ಇದೆಯೆಂದು ಮತ್ತೆ ಕಾಯುವುದು. ಅಂಚಿನ ಜೋಳಕ್ಕೆ ಮುಗ್ಗಲು ವಾಸನೆ, ನಡುವಿನದು ಮುತ್ತಿನಂಥದು. "ಹಗೇದಾಗ ಜ್ವಾಳ ಇದ್ರ ಎರಡ ವರ್ಷ ಮಳಿ ಹೋದ್ರೂ ಅಂಜಿಕಿಲ್ಲ" ಅನ್ನುತ್ತಿದ್ದ.

ಈಗ ಅದಕ್ಕೆ ಮಣ್ಣು ತುಂಬಿ ಮೇಲೆ ಬೈಕ್ ನಿಲ್ಲಿಸುತ್ತಾರೆ. ಹೊಲದಲ್ಲಿ ಗೋವಿನಜೋಳ, ಕಡಲಿ. ಅಕ್ಕಿ ರೇಷನ್ನಿನದು. 2023ರಲ್ಲಿ ಅನ್ನಭಾಗ್ಯದ ಹೆಚ್ಚುವರಿ 5 ಕಿಲೋಗೆ ಅಕ್ಕಿ ಹೊಂದಿಸಲಾಗದೆ ಕರ್ನಾಟಕ ಸರ್ಕಾರ ತಲೆಗೆ 170 ರೂಪಾಯಿ ಹಾಕಿತು. ಅದೇ ವರ್ಷ ಜುಲೈ 20ರಂದು ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ದೋಹಾದಲ್ಲಿ ನಾನು, ಊರಲ್ಲಿ ನನ್ನ ಅವ್ವ, ಇಬ್ಬರೂ ಬೇರೆಯವರ ಅಕ್ಕಿಯ ದಾರಿ ನೋಡುವವರೇ ಆದೆವು. ಕತಾರಿಗೆ ಮರಳಷ್ಟೇ ಇದೆ, ಅದರ ಕಷ್ಟ ತಿಳಿಯುತ್ತದೆ. ನಮಗೆ ಕಪ್ಪು ಮಣ್ಣಿನ ಎರಿ ಹೊಲವಿದೆ. ಹಿಂಗಾರಿಯಲ್ಲಿ ನೆಲದ ತೇವ ಕುಡಿದು ಬೆಳೆಯುವ ಬಿಳಿಜೋಳವನ್ನು ಸರ್ಕಾರ ಸುಗ್ಗಿಯಲ್ಲೇ ಒಳ್ಳೆ ದರಕ್ಕೆ ಕೊಂಡು, ಇಲ್ಲಿಯ ರೇಷನ್ ಅಂಗಡಿಯಲ್ಲೇ ಹಂಚಬೇಕು.

ತಮ್ಮನಿಗೆ ಹೇಳಿದೆ. "ಕೊಯ್ಯಾಕ ಆಳು ಯಾರ ಬರ್ತಾರ ಅಣ್ಣಾ? ದರ ಎಲ್ಲೈತಿ?" ಅಂದ. ಅವನ ಮಾತೂ ಖರೆ. ಆಳಿನ ಪಗಾರ ನಾನು ಕಳಿಸುತ್ತೇನೆ ಅಂದಿದ್ದೇನೆ. ಈ ಹಿಂಗಾರಿಗೆ ಕೆರೆ ಕಡೆಯ ಎರಡು ಎಕರೆ ಜೋಳಕ್ಕೆ ಬಿಟ್ಟಿದ್ದಾನೆ.