ಮೂರು ಗಂಟೆಯ ಮಂಜಿಗೆ ಒಂದೇ ನಕ್ಷತ್ರ

ಸಿನಿಮಾವನ್ನು ಅಳೆಯುವುದಕ್ಕೆ ಪಶ್ಚಿಮದ ಪಂಡಿತರ ಬಳಿ ಮೂರು ಸಾಧನಗಳಿವೆ: ಗಡಿಯಾರ, ನಕ್ಷತ್ರ ಮತ್ತು ಫ್ರಾನ್ಸ್‌ನ ಕಾನ್ ಚಿತ್ರೋತ್ಸವದ ಅತ್ಯುನ್ನತ ಬಹುಮಾನವಾದ ಚಿನ್ನದ ತಾಳೆಗರಿ. ಈ ಮೂರನ್ನೂ ಒಂದೇ ಚಿತ್ರದ ಮೇಲೆ ಪ್ರಯೋಗಿಸಿ, ಮೂರೂ ಒಂದಕ್ಕೊಂದು ತಾಳೆಯಾಗದ ಲೆಕ್ಕ ತೋರಿಸಿದ ಪ್ರಸಂಗ ಗ್ರೀಸ್‌ನ ಥಿಯೋ ಆಂಜೆಲೊಪೌಲೋಸ್ ಅವರ ‘ಯುಲಿಸಿಸ್ ಗೇಜ್’ ಚಿತ್ರದ್ದು. ಅದು 1995ರ ಮೇ ತಿಂಗಳಲ್ಲಿ ಕಾನ್ ಉತ್ಸವದಲ್ಲಿ ತೆರೆ ಕಂಡಿತು. ಕಾನ್‌ನಿಂದ ನೇರ ಪೂರ್ವಕ್ಕೆ, ಸಾವಿರ ಕಿಲೋಮೀಟರಿಗೂ ಕಡಿಮೆ ದೂರದಲ್ಲಿ, ಬೋಸ್ನಿಯಾದ ರಾಜಧಾನಿ ಸರಾಯೆವೊ ನಗರ ಸರ್ಬ್ ಪಡೆಗಳ ಮುತ್ತಿಗೆಗೆ ಸಿಕ್ಕಿ ಆಗಲೇ ಮೂರು ವರ್ಷ ದಾಟಿತ್ತು.

ಕಥೆ ಹೇಳಲು ಹೊರಟರೆ ಎರಡು ಸಾಲಿಗೆ ಮುಗಿಯುತ್ತದೆ, ನೋಡಲು ಕುಳಿತರೆ ಮೂರು ಗಂಟೆ ಹಿಡಿಯುತ್ತದೆ. ‘ಎ’ ಎಂಬ ಒಂದಕ್ಷರದ ಹೆಸರಿನ ಗ್ರೀಕ್ ನಿರ್ದೇಶಕನೊಬ್ಬ, ಬಾಲ್ಕನ್ ಪ್ರದೇಶದ ಮೊದಲ ಚಲನಚಿತ್ರಕಾರರಾದ ಮನಾಕಿ ಸಹೋದರರು ಸಂಸ್ಕರಿಸದೆ ಬಿಟ್ಟುಹೋದ ಮೂರು ರೀಲುಗಳನ್ನು ಹುಡುಕಿಕೊಂಡು ಗ್ರೀಸ್‌ನಿಂದ ಅಲ್ಬೇನಿಯಾ, ಮ್ಯಾಸಿಡೋನಿಯಾ, ಬಲ್ಗೇರಿಯಾ, ರುಮೇನಿಯಾ, ಸರ್ಬಿಯಾ ದಾಟಿ ಸರಾಯೆವೊ ತಲುಪುತ್ತಾನೆ. ಪಾತ್ರ ವಹಿಸಿದವರು ಅಮೆರಿಕದ ಹಾರ್ವಿ ಕೈಟೆಲ್. ರೋಡ್ ಮೂವಿ ಎಂದರೆ ಬಾಣದಂತೆ ಓಡುವ ಕಾರು, ಹಿಂದೆ ಏಳುವ ಧೂಳು ಎಂದು ನಂಬಿದ್ದವರಿಗೆ ಇಲ್ಲಿ ಮೊದಲ ಆಘಾತ ಕಾದಿದೆ. ಹಿಮ ಬೀಳತೊಡಗಿದ ಕೂಡಲೇ ಟ್ಯಾಕ್ಸಿ ಚಾಲಕ ನಡುದಾರಿಯಲ್ಲಿ ಗಾಡಿ ನಿಲ್ಲಿಸಿ, ಕೆಳಗಿಳಿದು, ನೀನೂ ಒಂಟಿ ನಾನೂ ಒಂಟಿ ಎಂದು ಪ್ರಕೃತಿಗೇ ಒಂದು ಬಿಸ್ಕತ್ತು ನೀಡುತ್ತಾನೆ. ಆ ಚಾಲಕನಾಗಿ ನಟಿಸಿದವರು ಥನಾಸಿಸ್ ವೆಂಗೋಸ್, ಅಂದರೆ ಗ್ರೀಸ್‌ನ ಹಾಸ್ಯಚಿತ್ರಗಳಲ್ಲಿ ಓಡುವುದಕ್ಕೇ ಹೆಸರಾಗಿದ್ದ ನಟ. ಅಂಥವರನ್ನೂ ನಿಲ್ಲಿಸಿಬಿಟ್ಟ ನಿರ್ದೇಶಕರು ಪ್ರೇಕ್ಷಕರ ಗಡಿಯಾರವನ್ನು ಸುಮ್ಮನೆ ಬಿಡುತ್ತಾರೆಯೇ?

ಚಿತ್ರಕ್ಕೆ ಸಿಗಲಿದ್ದ ಸ್ವಾಗತವನ್ನು ಆಂಜೆಲೊಪೌಲೋಸ್ ಮುಂಚಿತವಾಗಿ ಊಹಿಸಿ ಚಿತ್ರದ ಒಳಗೇ ಇಟ್ಟಿದ್ದರು ಎಂಬುದು ಪಂಡಿತರ ಗಮನಕ್ಕೆ ಬಂದಂತಿಲ್ಲ. ಆರಂಭದಲ್ಲಿ ‘ಎ’ ಉತ್ತರ ಗ್ರೀಸ್‌ನ ಫ್ಲೋರಿನಾ ಪಟ್ಟಣಕ್ಕೆ ಬರುವುದೇ ತನ್ನ ಚಿತ್ರವೊಂದರ ಪ್ರದರ್ಶನಕ್ಕೆ. ಅಲ್ಲಿ ಒಂದು ಕಡೆ ಕಪ್ಪು ಕೊಡೆ ಹಿಡಿದು ಮಳೆಯಲ್ಲಿ ನೆನೆಯುತ್ತ ಸಂಭಾಷಣೆ ಕೇಳಿಸಿಕೊಳ್ಳುವ ಅಭಿಮಾನಿಗಳು, ಇನ್ನೊಂದು ಕಡೆ ಮೇಣದಬತ್ತಿ ಹಿಡಿದು ಮೆರವಣಿಗೆ ಬರುವ ಧರ್ಮನಿಷ್ಠರು, ನಡುವೆ ಗುರಾಣಿ ಹಿಡಿದ ಪೊಲೀಸರು. ಇದು ಕಲ್ಪನೆಯೂ ಅಲ್ಲ. ಕೆಲವೇ ವರ್ಷಗಳ ಹಿಂದೆ ಇದೇ ಊರಿನಲ್ಲಿ ಆಂಜೆಲೊಪೌಲೋಸ್ ಇನ್ನೊಂದು ಚಿತ್ರದ ಚಿತ್ರೀಕರಣದಲ್ಲಿದ್ದಾಗ ಅಲ್ಲಿನ ಬಿಷಪ್ ಆಗಸ್ಟಿನೋಸ್ ಕಾಂಡಿಯೋಟಿಸ್ ಈ ನಿರ್ದೇಶಕರನ್ನು ಚರ್ಚಿನಿಂದ ಬಹಿಷ್ಕರಿಸಿದ್ದರು. ಚಿತ್ರ ಇನ್ನೂ ಸಿದ್ಧವೇ ಆಗಿರಲಿಲ್ಲ. ತೀರ್ಪು ಮಾತ್ರ ಸಿದ್ಧವಾಗಿತ್ತು. ಬಿಷಪ್ಪರನ್ನು ಹಿಂದುಳಿದ ಮನಸ್ಸಿನವರೆಂದು ನಗರದ ಬುದ್ಧಿವಂತರು ಆಗ ಆಡಿಕೊಂಡಿರಬಹುದು, ಆದರೆ ಅವರ ಕ್ರಮ ಎಷ್ಟು ಮುಂದುವರಿದದ್ದು ಎಂಬುದನ್ನು ಪ್ಯಾರಿಸ್ಸಿನ ತತ್ತ್ವಜ್ಞಾನಿಯೊಬ್ಬರು ಸದ್ಯದಲ್ಲೇ ಸಾಬೀತುಪಡಿಸಲಿದ್ದರು.

ಅದಕ್ಕೆ ಮುನ್ನ ನಕ್ಷತ್ರದ ವಿಚಾರ. ಅಮೆರಿಕದ ಅತ್ಯಂತ ಜನಪ್ರಿಯ ವಿಮರ್ಶಕರಾಗಿದ್ದ ರೋಜರ್ ಎಬರ್ಟ್ ಈ ಚಿತ್ರಕ್ಕೆ ನಾಲ್ಕರಲ್ಲಿ ಒಂದು ನಕ್ಷತ್ರವನ್ನು ದಯಪಾಲಿಸಿದರು. ಇದರ ದರ್ಶನ, ದಿಟ್ಟತನ, ಧೈರ್ಯ, ಕೊನೆಗೆ ಉದ್ದವನ್ನಾದರೂ ಹೊಗಳಿಬಿಡೋಣ ಎಂಬ ಆಸೆ ಹುಟ್ಟುತ್ತದೆ, ಆದರೆ ಆಮೇಲೆ ಓದುಗರ ಮುಖ ನೋಡುವುದು ಹೇಗೆ ಎಂಬರ್ಥದಲ್ಲಿ ಅವರು ಬರೆದರು. ಇದು ಪ್ರಾಮಾಣಿಕ ಮಾತು. ಬೇಸರ ಬಂದಾಗ ಬೇಸರ ಬಂದಿತೆಂದು ಹೇಳುವ ವಿಮರ್ಶಕ ಕೈಮುಗಿಯಬೇಕಾದ ವ್ಯಕ್ತಿ. ಅತ್ತ ‘ಟೈಮ್’ ಪತ್ರಿಕೆಯ ಇಬ್ಬರು ವಿಮರ್ಶಕರು 2005ರಲ್ಲಿ ಸಾರ್ವಕಾಲಿಕ ನೂರು ಚಿತ್ರಗಳ ಪಟ್ಟಿ ಮಾಡಿದಾಗ ಇದೇ ಚಿತ್ರ ಅದರಲ್ಲಿ ಕುಳಿತಿತ್ತು. ನಾಲ್ಕರಲ್ಲಿ ಒಂದು ಮತ್ತು ಜಗತ್ತಿನ ಚಿತ್ರಗಳಲ್ಲೆಲ್ಲ ನೂರರೊಳಗೆ ಒಂದು ಎಂಬ ಈ ಎರಡು ಅಂಕಗಳ ಸರಾಸರಿ ತೆಗೆಯುವ ಗಣಿತ ಇನ್ನೂ ಹುಟ್ಟಿಲ್ಲ.

ಎರಡೂ ಪಕ್ಷದವರಿಗೆ ಒಂದೇ ದೃಶ್ಯ ಸಾಕ್ಷಿಯಾಗಿ ಒದಗಿತು ಎಂಬುದು ಸೋಜಿಗ. ತುಂಡು ಮಾಡಿದ ಲೆನಿನ್‌ರ ಬೃಹತ್ ಪ್ರತಿಮೆಯೊಂದನ್ನು ಸರಕು ದೋಣಿಯಲ್ಲಿ ಮಲಗಿಸಿ, ಹಗ್ಗ ಬಿಗಿದು, ಡ್ಯಾನ್ಯೂಬ್ ನದಿಯಲ್ಲಿ ಸಾಗಿಸುತ್ತಾರೆ. ಅದು ಯಾರೋ ಸಂಗ್ರಾಹಕರಿಗೆ ಮಾರಾಟವಾದ ಮಾಲು. ಲೆನಿನ್‌ರ ತೋರುಬೆರಳು ಆಕಾಶದತ್ತ ಚಾಚಿದೆ. ದಡದಲ್ಲಿ ಜನ ದೋಣಿಯ ಜೊತೆಗೇ ಓಡಿ ಬಂದು, ಮಂಡಿಯೂರಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ದೇವರಿಲ್ಲ ಎಂದವನಿಗೆ ದೇವರ ಉತ್ಸವದ ಮರ್ಯಾದೆ! ಸಂಗೀತ ತನ್ನ ಪಾಡಿಗೆ ಸುತ್ತುತ್ತದೆ, ದೋಣಿ ತನ್ನ ಪಾಡಿಗೆ ಸಾಗುತ್ತದೆ, ಕ್ಯಾಮೆರಾಗೆ ಯಾವ ಅವಸರವೂ ಇಲ್ಲ. ಒಂದು ಶತಮಾನದ ಶವಯಾತ್ರೆಗೆ ಇಷ್ಟು ಹೊತ್ತಾದರೂ ಬೇಡವೇ ಎಂದು ಒಬ್ಬರು ಕಣ್ಣೊರೆಸಿಕೊಂಡರೆ, ಅರ್ಥವಾಯಿತು ಸ್ವಾಮಿ, ದೋಣಿಯನ್ನು ಮುಂದಕ್ಕೆ ಬಿಡಿ ಎಂದು ಇನ್ನೊಬ್ಬರು ಕೈಗಡಿಯಾರ ನೋಡಿಕೊಂಡರು. ನನ್ನನ್ನು ಕೇಳಿದರೆ ಇಡೀ ಚಿತ್ರದಲ್ಲಿ ಲೆನಿನ್‌ರಷ್ಟು ಸಹಜವಾಗಿ ನಟಿಸಿದವರು ಬೇರೆ ಯಾರೂ ಇಲ್ಲ. ಎಲ್ಲ ದೇಶಗಳಲ್ಲೂ ಇಂಗ್ಲಿಷಿನಲ್ಲೇ ನಿಟ್ಟುಸಿರು ಬಿಡುವ ಕೈಟೆಲ್ ಅಂತೂ ಅಲ್ಲ.

ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದಾದ ನಿಜವಾದ ದೂರು ಇರುವುದು ಕೊನೆಯಲ್ಲಿ. ಸರಾಯೆವೊದಲ್ಲಿ ಮಂಜು ಇಳಿದರೆ ಹೊಂಚಿ ಗುಂಡು ಹಾರಿಸುವವರಿಗೆ ಗುರಿ ಕಾಣುವುದಿಲ್ಲವಾದ್ದರಿಂದ ಅಂದು ಊರಿಗೆ ಹಬ್ಬ. ಜನ ಬೀದಿಗೆ ಬರುತ್ತಾರೆ, ವಾದ್ಯವೃಂದ ನುಡಿಸುತ್ತದೆ, ಜೋಡಿಗಳು ನರ್ತಿಸುತ್ತವೆ. ರೀಲುಗಳನ್ನು ಕಾಪಾಡಿದ್ದ ವೃದ್ಧನೂ ಅವನ ಮನೆಯವರೂ ಅದೇ ಮಂಜಿನೊಳಗೆ ಕೊಲೆಯಾಗುತ್ತಾರೆ. ನಮಗೆ ಕಾಣುವುದು ಬರೀ ಬಿಳುಪು, ಕೇಳುವುದು ದನಿ ಮತ್ತು ಗುಂಡು. ಆಮೇಲೆ ‘ಎ’ ಕೊನೆಗೂ ಆ ರೀಲುಗಳನ್ನು ನೋಡಿ ಅಳುತ್ತಾನೆ; ಪ್ರೇಕ್ಷಕನ ಪಾಲಿಗೆ ಬರುವುದು ಮಿಣುಗುಟ್ಟುವ ಖಾಲಿ ಬೆಳಕು. ಮೂರು ರೀಲು ಕೊಡುವುದಾಗಿ ಮಾತು ಕೊಟ್ಟು, ಆರು ದೇಶ ಸುತ್ತಿಸಿ, ಸರಕನ್ನು ಒದಗಿಸದಿರುವುದು ಸೇವಾ ನ್ಯೂನತೆಯಲ್ಲದೆ ಮತ್ತೇನು? ಬೋಸ್ನಿಯಾದ ಕೊಲೆಗಳನ್ನು ಮೂರು ವರ್ಷ ದೂರದರ್ಶನದಲ್ಲಿ ಸ್ಪಷ್ಟವಾಗಿ, ಬಣ್ಣದಲ್ಲಿ, ಊಟದ ಹೊತ್ತಿಗೆ ಸರಿಯಾಗಿ ನೋಡಿ ಅಭ್ಯಾಸವಾಗಿದ್ದ ಯುರೋಪಿನ ಪ್ರೇಕ್ಷಕ, ಕೊಲೆಯನ್ನು ಮಂಜಿನಲ್ಲಿ ಮುಚ್ಚಿಟ್ಟ ನಿರ್ದೇಶಕನ ಮೇಲೆ ಮುನಿಸಿಕೊಂಡದ್ದು ಸಹಜವೇ ಆಗಿತ್ತು.

ಆ ಉತ್ಸವ ನಡೆಯುತ್ತಿದ್ದಾಗಲೇ, ಮೇ 25ರಂದು, ಬೋಸ್ನಿಯಾದ ತೂಜ್ಲಾ ಪಟ್ಟಣದ ಚೌಕದ ಮೇಲೆ ಶೆಲ್ ಬಿದ್ದು 71 ಮಂದಿ ಸತ್ತರು. ಮೂರು ದಿನಗಳ ಬಳಿಕ ಕಾನ್‌ನಲ್ಲಿ, ಫ್ರೆಂಚ್ ನಟಿ ಜಾನ್ ಮೊರೊ ಅಧ್ಯಕ್ಷತೆಯ ತೀರ್ಪುಗಾರರ ಮಂಡಳಿ ಬಾಲ್ಕನ್ ಕುರಿತ ಎರಡು ಚಿತ್ರಗಳ ನಡುವೆ ಬಹುಮಾನ ಹಂಚಿತು. ಸರಾಯೆವೊದಲ್ಲೇ ಹುಟ್ಟಿದ ಎಮಿರ್ ಕುಸ್ತುರಿಕಾ ಅವರ ‘ಅಂಡರ್‌ಗ್ರೌಂಡ್’ ಚಿತ್ರಕ್ಕೆ ಚಿನ್ನದ ತಾಳೆಗರಿ, ಆಂಜೆಲೊಪೌಲೋಸ್‌ಗೆ ಎರಡನೆಯ ಸ್ಥಾನದ ಗ್ರ್ಯಾಂಡ್ ಪ್ರಿಕ್ಸ್. ಕುಸ್ತುರಿಕಾ ಚಿತ್ರವೂ ಉದ್ದದಲ್ಲೇನೂ ಕಡಿಮೆಯಿಲ್ಲ, ಆದರೆ ಅದರಲ್ಲಿ ಬ್ಯಾಂಡಿನವರು ಕಹಳೆ ಊದುತ್ತ ಓಡುತ್ತಾರೆ. ಸಭಾಂಗಣದಲ್ಲಿ ಯಾರಿಗೂ ನಿದ್ದೆ ಹತ್ತುವ ಅಪಾಯವಿಲ್ಲ. ವೇದಿಕೆಗೆ ಬಂದ ಆಂಜೆಲೊಪೌಲೋಸ್, ನೀವು ಕೊಡುವುದು ಇಷ್ಟೇ ಆದರೆ ನನಗೆ ಹೇಳಲು ಏನೂ ಇಲ್ಲ ಎಂಬರ್ಥದ ಮಾತಾಡಿ ಇಳಿದು ಹೋದರು. ನಿಧಾನಕ್ಕೆ ಹೆಸರಾದವರ ವೃತ್ತಿಜೀವನದಲ್ಲೇ ಇದಕ್ಕಿಂತ ಚುಟುಕಾದ ದೃಶ್ಯ ಇನ್ನೊಂದಿಲ್ಲ; ಇದು ಬೇಸರ ತರಿಸಿತೆಂದು ಯಾರೂ ದೂರಲಿಲ್ಲ.

ಈಗ ಪ್ಯಾರಿಸ್ಸಿನ ತತ್ತ್ವಜ್ಞಾನಿ. ಅಲೆನ್ ಫಿಂಕೆಲ್‌ಕ್ರೌಟ್ ಜೂನ್ ಮೊದಲ ವಾರದಲ್ಲೇ ‘ಲ ಮಾಂಡ್’ ಪತ್ರಿಕೆಯಲ್ಲಿ ಲೇಖನ ಬರೆದು, ‘ಅಂಡರ್‌ಗ್ರೌಂಡ್’ ಸರ್ಬಿಯಾದ ಪ್ರಚಾರವೆಂದೂ ತೀರ್ಪುಗಾರರು ಮೋಸಹೋದರೆಂದೂ ಸಾರಿದರು. ಆರೋಪ ಸರಿಯೋ ತಪ್ಪೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ, ಅದರಲ್ಲಿ ಹುರುಳೂ ಇರಬಹುದು. ಆದರೆ ಬರೆಯುವ ಹೊತ್ತಿಗೆ ಅವರು ಚಿತ್ರವನ್ನು ನೋಡಿರಲಿಲ್ಲ. ಫ್ಲೋರಿನಾದ ಬಿಷಪ್ಪರು ಹಳ್ಳಿಗಾಡಿನ ಮಟ್ಟದಲ್ಲಿ ನಡೆಸಿದ ಪ್ರಯೋಗ ಹೀಗೆ ಯುರೋಪಿನ ಅತ್ಯುನ್ನತ ಬೌದ್ಧಿಕ ವಲಯದಲ್ಲಿ ಮಾನ್ಯತೆ ಪಡೆಯಿತು. ಮುಂದೆ ಅಕ್ಟೋಬರಿನಲ್ಲಿ ಅವರು ಚಿತ್ರವನ್ನು ನೋಡಿ, ಇನ್ನೊಂದು ಪತ್ರಿಕೆಯಲ್ಲಿ ಇನ್ನೊಂದು ಲೇಖನ ಬರೆದರು. ಅಭಿಪ್ರಾಯ ಕಿಂಚಿತ್ತೂ ಬದಲಾಗಿರಲಿಲ್ಲ. ನೊಂದ ಕುಸ್ತುರಿಕಾ ಇನ್ನು ಸಿನಿಮಾ ಮಾಡುವುದೇ ಇಲ್ಲವೆಂದು ವರ್ಷಾಂತ್ಯದಲ್ಲಿ ಘೋಷಿಸಿದರು. ಹೀಗೆ ಎರಡನೆಯ ಬಹುಮಾನ ಪಡೆದವರು ಮಾತು ಬಿಟ್ಟರು, ಮೊದಲ ಬಹುಮಾನ ಪಡೆದವರು ಸಿನಿಮಾವನ್ನೇ ಬಿಟ್ಟರು.

ಎರಡೂ ವ್ರತಗಳು ಮುರಿದದ್ದು 1998ರಲ್ಲಿ. ಕುಸ್ತುರಿಕಾ ಹೊಸ ಚಿತ್ರದೊಂದಿಗೆ ವೆನಿಸ್ ಚಿತ್ರೋತ್ಸವಕ್ಕೆ ಹೋಗಿ ಬೆಳ್ಳಿಯ ಸಿಂಹ ಪ್ರಶಸ್ತಿ ತಂದರು. ಆಂಜೆಲೊಪೌಲೋಸ್ ‘ಎಟರ್ನಿಟಿ ಅಂಡ್ ಎ ಡೇ’ ಚಿತ್ರದೊಂದಿಗೆ ಕಾನ್‌ಗೆ ಮರಳಿದರು, ಮಾರ್ಟಿನ್ ಸ್ಕಾರ್ಸೇಸಿ ಅಧ್ಯಕ್ಷತೆಯ ಮಂಡಳಿ ಅವರಿಗೆ ಚಿನ್ನದ ತಾಳೆಗರಿಯನ್ನು ಕೊಟ್ಟಿತು. ಹೆಸರಿನಲ್ಲಿ ಅನಂತಕಾಲವೂ ಅದರ ಮೇಲೆ ಒಂದು ದಿನವೂ ಇದ್ದ ಆ ಚಿತ್ರ, ಗಡಿಯಾರದ ಲೆಕ್ಕದಲ್ಲಿ, ‘ಯುಲಿಸಿಸ್ ಗೇಜ್’ಗಿಂತ ಅರ್ಧ ಗಂಟೆಗೂ ಹೆಚ್ಚು ಚಿಕ್ಕದಾಗಿತ್ತು.