ಮೊದಲೇ ನಕ್ಕವನು

ಪಕ್ಕದ ಮನೆಯವರ ಟೀವಿ ಇರುವುದು ನಮ್ಮ ಮಲಗುವ ಕೋಣೆಯ ಗೋಡೆಯ ಆಚೆ ಬದಿಗೆ. ರಾತ್ರಿ ಒಂಬತ್ತೂವರೆಗೆ ಅವರು ಹಾಸ್ಯ ಕಾರ್ಯಕ್ರಮ ಹಾಕುತ್ತಾರೆ. ಮಾತು ಗೋಡೆ ದಾಟುವುದಿಲ್ಲ, ನಗು ಮಾತ್ರ ದಾಟುತ್ತದೆ. ಜೋಕಿಲ್ಲದ ಈ ನಗುವನ್ನು ದಿನವೂ ಕೇಳುತ್ತ ಮಲಗಿದ್ದ ನನಗೆ ಕ್ರಮೇಣ ಒಂದು ಸಂಗತಿ ಹೊಳೆಯಿತು: ಪ್ರತಿ ಸಲವೂ ನಗುವವರು ಅವರೇ. ಮೊದಲು ಒಬ್ಬ ಹೆಂಗಸು ‘ಹೀ’ ಎಂದು ರಾಗ ಎಳೆಯುತ್ತಾಳೆ, ಅವಳ ಬೆನ್ನಿಗೇ ಗುಂಪು ನಗುತ್ತದೆ, ಕಡೆಯಲ್ಲಿ ಯಾರೋ ಒಬ್ಬ ಎರಡು ಸಲ ಚಪ್ಪಾಳೆ ತಟ್ಟಿ ಸುಮ್ಮನಾಗುತ್ತಾನೆ. ಸೋಮವಾರವೂ ಅದೇ ಹೆಂಗಸು, ಶುಕ್ರವಾರವೂ ಅದೇ ಹೆಂಗಸು. ಯುಗಾದಿಯ ದಿನವಾದರೂ ಆಕೆಗೆ ರಜೆ ಕೊಡಬಾರದಿತ್ತೇ?

ಮನೆಯಲ್ಲಿ ಕುಳಿತು ಹಾಸ್ಯ ನೋಡುವವರಿಗೆ ಸಿಗುವುದು ಎರಡು ಬಗೆಯ ಸರಕು. ಒಂದು, ಊರಿನ ರಂಗಮಂದಿರದಲ್ಲಿ ಜನ ಸೇರಿದಾಗ ಹಿಡಿದದ್ದು. ಇನ್ನೊಂದು, ಬಾಗಿಲು ಹಾಕಿಕೊಂಡು ಸ್ಟುಡಿಯೊದಲ್ಲಿ ಮಾಡಿದ್ದು. ಇವೆರಡರಲ್ಲಿ ಯಾವುದು ಮೇಲು ಎಂದು ಇತ್ಯರ್ಥ ಮಾಡಿಬಿಡೋಣ ಎಂದೇ ಬರೆಯಲು ಕುಳಿತೆ. ಆದರೆ ಈಗ ಟೀವಿಯವರು ಮೂರನೆಯದೊಂದನ್ನು ಹುಟ್ಟಿಸಿದ್ದಾರೆ. ಸ್ಟುಡಿಯೊದಲ್ಲೇ ಮಾಡಿ, ಸಭೆ ಇದ್ದಂತೆ ತೋರಿಸುವುದು. ವೇದಿಕೆಯ ಮೇಲೆ ಒಬ್ಬ ಬಾಯಿ ತೆರೆಯುವುದೇ ತಡ, ಕ್ಯಾಮೆರಾ ತೀರ್ಪುಗಾರರ ಕಡೆ ಹಾರುತ್ತದೆ. ಅವರು ಮೇಜು ಗುದ್ದುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ, ಪಕ್ಕದವರ ಭುಜದ ಮೇಲೆ ಬೀಳುತ್ತಾರೆ. ಅವರು ಬಿದ್ದೇಳುವಷ್ಟರಲ್ಲಿ ಅಭಿನಯಿಸುತ್ತಿದ್ದವನ ಮುಖದಲ್ಲಿ ಏನಾಯಿತು ಎಂಬುದು ನಮಗೆ ತಪ್ಪಿಹೋಗಿರುತ್ತದೆ. ನಗುವವರ ಮುಖ ನೋಡಿ ಹೊಟ್ಟೆ ತುಂಬಿಸಿಕೊಳ್ಳಲು ಇದೇನು ಅನ್ನಪ್ರಾಶನವೇ?

ಈ ಕಸುಬಿಗೆ ಒಬ್ಬ ಮೂಲಪುರುಷನಿದ್ದಾನೆ. ಅಮೆರಿಕದ ಸಿಬಿಎಸ್ ಸಂಸ್ಥೆಯಲ್ಲಿ ಧ್ವನಿ ಎಂಜಿನಿಯರ್ ಆಗಿದ್ದ ಚಾರ್ಲಿ ಡಗ್ಲಾಸ್ 1950ರ ದಶಕದಲ್ಲಿ ಒಂದು ನಗುವಿನ ಪೆಟ್ಟಿಗೆ ಮಾಡಿದ. ಒಳಗೆ 32 ಟೇಪ್ ಸುರುಳಿಗಳು, ಒಂದೊಂದರಲ್ಲಿ 10 ನಗು, ಒಟ್ಟು 320. ಬೆರಳಚ್ಚು ಯಂತ್ರದಂತಹ ಕೀಲಿಗಳನ್ನು ಒತ್ತಿದರೆ ಮುಗುಳ್ನಗು, ಕಿಸಕ್ಕನೆಯ ನಗು, ಅಟ್ಟಹಾಸ, ಯಾವುದು ಬೇಕೋ ಅದು. ನಗು ಎಷ್ಟು ಹೊತ್ತು ಇರಬೇಕೆಂಬುದಕ್ಕೆ ಕಾಲ ಕೆಳಗೊಂದು ಪೆಡಲು. ಪೆಟ್ಟಿಗೆಗೆ ಸದಾ ಬೀಗ. ಕರೆದ ಸ್ಟುಡಿಯೊಗೆ ಅದನ್ನು ತಳ್ಳಿಕೊಂಡು ಹೋಗಿ ಕೆಲಸ ಮುಗಿಸಿ ತಳ್ಳಿಕೊಂಡು ಬರುತ್ತಿದ್ದ. 1992ರಲ್ಲಿ ಅವನಿಗೆ ಎಮ್ಮಿ ಪ್ರಶಸ್ತಿಯೂ ಬಂತು. ಕೊರಿಯಾ ಯುದ್ಧದ ಸೇನಾ ಆಸ್ಪತ್ರೆಯ ಕಥೆ ಹೇಳುವ ‘ಮ್ಯಾಶ್’ ಧಾರಾವಾಹಿಗೂ ಇಂಥ ನಗುವನ್ನು ಅಂಟಿಸಲೇಬೇಕೆಂದು ಸಿಬಿಎಸ್ ಹಟ ಹಿಡಿದಾಗ, ಅದನ್ನು ಮಾಡಿದವರು ಶಸ್ತ್ರಚಿಕಿತ್ಸೆಯ ಕೋಣೆಯ ದೃಶ್ಯಗಳಿಗಾದರೂ ಬೇಡ ಎಂದು ಪಟ್ಟು ಹಿಡಿದು ಗೆದ್ದರು. ಅದೇ ಧಾರಾವಾಹಿ ಇಂಗ್ಲೆಂಡಿನ ಬಿಬಿಸಿಯಲ್ಲಿ ನಗುವಿಲ್ಲದೆಯೇ ಬಂತು. ಅಲ್ಲಿನವರು ಯಾವಾಗ ನಗಬೇಕೆಂದು ತಾವೇ ಗೊತ್ತುಮಾಡಿಕೊಂಡರಂತೆ ಕಾಣುತ್ತದೆ.

ಹಾಗೆಂದು ಸ್ಟುಡಿಯೊವನ್ನು ಬಯ್ಯಲು ನನಗೆ ಬಾಯಿಲ್ಲ. ಆಕಾಶವಾಣಿ ಕೇಳಿ ಬೆಳೆದವನು ನಾನು. ಎನ್.ಎಸ್. ವಾಮನರಾವ್, ಯಮುನಾ ಮೂರ್ತಿಯವರ ಧ್ವನಿ ಕೇಳಿದರೆ ಅಜ್ಜಿ ಅಕ್ಕಿ ಆರಿಸುವುದನ್ನು ನಿಲ್ಲಿಸುತ್ತಿದ್ದರು. ಎ.ಎಸ್. ಮೂರ್ತಿಯವರನ್ನು ನಾಡು ‘ಆಕಾಶವಾಣಿ ಈರಣ್ಣ’ ಎಂದೇ ಕರೆಯಿತು. ಅವರೆಲ್ಲ ಮುಚ್ಚಿದ ಕೋಣೆಯಲ್ಲಿ ಮೈಕಿನ ಮುಂದೆ ಆಡಿದವರು. ನಗಿಸುವ ಮಾತಿನ ನಂತರ ಕೇಳುತ್ತಿದ್ದದ್ದು ಮುಂದಿನ ಮಾತು, ಅಷ್ಟೆ. ನಕ್ಕರೆ ನಾವು ನಗಬೇಕು, ಇಲ್ಲದಿದ್ದರೆ ಇಲ್ಲ. ಅದೊಂದು ಮರ್ಯಾದೆಯ ವ್ಯವಹಾರ.

ಇನ್ನೊಂದು ತುದಿಯಲ್ಲಿ ಮಾಸ್ಟರ್ ಹಿರಣ್ಣಯ್ಯ. ‘ಲಂಚಾವತಾರ’ವನ್ನು ಸ್ಟುಡಿಯೊದಲ್ಲಿ ಕಲ್ಪಿಸಿಕೊಳ್ಳಿ ನೋಡೋಣ. ಬೆಳಗಿನ ಪತ್ರಿಕೆಯಲ್ಲಿ ಬಂದ ಸುದ್ದಿ ಸಂಜೆಯ ಆಟದಲ್ಲಿ ಮಾತಾಗಿ ಬರುತ್ತಿತ್ತು. ಮುಂದಿನ ಸಾಲಿನಲ್ಲಿ ಮಂತ್ರಿಯೋ ಅಧಿಕಾರಿಯೋ ಕುಳಿತಿದ್ದರಂತೂ ಕೇಳುವುದೇ ಬೇಡ. ಸಭೆಯ ಅರ್ಧ ನಗು ನಾಟಕಕ್ಕೆ, ಅರ್ಧ ಆ ಕುಳಿತವರ ಬೆನ್ನಿಗೆ. ಗೋಡೆಯ ಮುಂದೆ ನಿಂತು ಯಾರನ್ನು ಚುಚ್ಚುವುದು? ಯಕ್ಷಗಾನದ ಹಾಸ್ಯಗಾರನ ಪಾಡು ಇದಕ್ಕಿಂತ ವಾಸಿ. ಹಳ್ಳಾಡಿ ಜಯರಾಮ ಶೆಟ್ಟರಂಥವರ ಎದುರಿಗೆ ಬೇರೆ ಯಾರೂ ಇಲ್ಲದಿದ್ದರೂ ಭಾಗವತರಿರುತ್ತಾರೆ. ಅವರು ಪ್ರಶ್ನೆ ಕೇಳುತ್ತಾರೆ, ಉತ್ತರಕ್ಕೆ ತಾಳ ಕೆಳಗಿಟ್ಟು ನಗುತ್ತಾರೆ. ಸ್ಟುಡಿಯೊದಲ್ಲಿ ಹಿಡಿದ ಆಟಗಳಲ್ಲಿಯೂ ಆ ಒಂದು ನಗುವಾದರೂ ಖಾತರಿ.

ಈಗ ನಮ್ಮ ಮಾವನ ಕ್ಯಾಸೆಟ್ಟಿನ ವಿಷಯ ಹೇಳಲೇಬೇಕು.

ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆಗೆ ನಾಟಕ ಕಂಪನಿಗಳು ಬಂದು ತಗಡಿನ ಥಿಯೇಟರ್ ಹಾಕುತ್ತವೆ. ಎಂಬತ್ತರ ದಶಕದ ಒಂದು ಜಾತ್ರೆಯಲ್ಲಿ ಸೋದರಮಾವ, ಕುವೈತಿನ ಗೆಳೆಯ ತಂದುಕೊಟ್ಟಿದ್ದ ಟೇಪ್ ರೆಕಾರ್ಡರನ್ನು ಶಾಲು ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ಒಂದು ನಗೆನಾಟಕವನ್ನು ಇಡಿಯಾಗಿ ಹಿಡಿದು ತಂದ. ಇಡಿಯಾಗಿ ಎಂದರೆ, ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಮಗ್ಗುಲು ಬದಲಿಸುವಾಗ ತಪ್ಪಿದ್ದನ್ನು ಬಿಟ್ಟು. ಹಾಗಾಗಿ ನಾಯಕಿಗೆ ಮೊದಲ ಕ್ಯಾಸೆಟ್ಟಿನ ಮೊದಲ ಮಗ್ಗುಲಿನಲ್ಲಿ ಮದುವೆಯಾಗಿಲ್ಲ, ಎರಡನೆಯ ಮಗ್ಗುಲಿನಲ್ಲಿ ಗಂಡನ ಮೇಲೆ ಸಿಟ್ಟು. ಕೊನೆಯ ಅಂಕಕ್ಕೆ ಬ್ಯಾಟರಿ ಸೋತು ಟೇಪು ನಿಧಾನವಾಗಿ ಓಡಿದ್ದರಿಂದ, ಮನೆಯಲ್ಲಿ ಹಾಕಿದಾಗ ಎಲ್ಲರೂ ಅವಸರದಲ್ಲಿ, ಸಣ್ಣ ಗಂಟಲಿನಲ್ಲಿ ಮಾತಾಡುತ್ತಿದ್ದರು. ಗುಡುಗುವ ಯಜಮಾನ ಐದನೆಯ ತರಗತಿಯ ಹುಡುಗನಾಗಿಬಿಟ್ಟಿದ್ದ. ಅತ್ಯಂತ ಸ್ಪಷ್ಟವಾಗಿ ಕೇಳುತ್ತಿದ್ದದ್ದು ಮಾವ ಶೇಂಗಾ ಸುಲಿಯುವ ಸದ್ದು.

ಅದಾದ ಮೇಲೆ ಸ್ಪಷ್ಟವಾಗಿದ್ದದ್ದು ಅವನು. ಮಾವನ ಹಿಂದಿನ ಸಾಲಿನಲ್ಲಿ ಕುಳಿತಿದ್ದ, ಯಾರೆಂದು ಇವತ್ತಿಗೂ ಗೊತ್ತಿರದ ಒಬ್ಬ ಪುಣ್ಯಾತ್ಮ. ಅವನು ಜೋಕಿಗಿಂತ ಮೊದಲೇ ನಗುತ್ತಿದ್ದ. ನಟ ಇನ್ನೂ ‘ಅಲ್ಲ ರಾಯರೇ’ ಎನ್ನುತ್ತಿರುವಾಗಲೇ ಇವನ ಗಂಟಲಲ್ಲಿ ಗುಳುಗುಳು ಶುರು. ಜೋಕು ಬಂದಾಗ ಇವನದು ಮುಗಿದು, ‘ಅಯ್ಯಯ್ಯಯ್ಯೋ’ ಎಂದು ಸುಸ್ತಾಗಿರುತ್ತಿದ್ದ. ಮಳೆಗಾಲಕ್ಕೆ ಮೊದಲೇ ಬರುವವನೆಂದು ನಾವು ಮಕ್ಕಳು ಅವನಿಗೆ ಮುಂಗಾರಣ್ಣ ಎಂದು ಹೆಸರಿಟ್ಟೆವು. ಎಷ್ಟೋ ಮಧ್ಯಾಹ್ನ ಆ ಕ್ಯಾಸೆಟ್ಟು ಕೇಳಿದ್ದು ನಾಟಕಕ್ಕಲ್ಲ, ಮುಂಗಾರಣ್ಣ ಈಗ ಬಂದ, ಈಗ ಬಂದ ಎಂದು ಕಾಯುವುದಕ್ಕೆ.

ಅವನು ಯಾರೆಂಬುದರ ಬಗ್ಗೆ ಮನೆಯಲ್ಲಿ ಪಕ್ಷಗಳಿದ್ದವು. ಅಡಿಕೆ ವ್ಯಾಪಾರಿಯೇ ಇರಬೇಕು, ಸಾಲ ಇರುವವನು ಹೀಗೆ ನಗುವುದಿಲ್ಲ ಎಂದು ಅಜ್ಜಿ. ನಕ್ಕ ಕೂಡಲೇ ಗಂಟಲು ಸರಿಮಾಡಿಕೊಳ್ಳುತ್ತಾನಲ್ಲ, ಶಾಲೆಯ ಮಾಸ್ತರು ಎಂದು ಮಾವ. ಅತ್ತೆ ಮಾತ್ರ ಎಲ್ಲರ ಉತ್ಸಾಹಕ್ಕೂ ನೀರೆರಚಿದರು: “ಅವನು ಕಂಪನಿಯವನೇ. ನಗುವುದಕ್ಕೇ ಕೂರಿಸಿರುತ್ತಾರೆ. ಇಲ್ಲದಿದ್ದರೆ ಜೋಕು ಮೊದಲೇ ಹೇಗೆ ಗೊತ್ತಾಗುತ್ತದೆ?” ಅಜ್ಜಿ ಅತ್ತೆಯ ಜೊತೆ ಸಂಜೆಯವರೆಗೆ ಮಾತಾಡಲಿಲ್ಲ. ಅತ್ತೆಯ ಗುಮಾನಿಗೆ ಇತಿಹಾಸದ ಬೆಂಬಲವಿದೆ ಎಂಬುದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನ ರಂಗಮಂದಿರಗಳಲ್ಲಿ ಚಪ್ಪಾಳೆಗೆ, ನಗುವುದಕ್ಕೆ, ಕರವಸ್ತ್ರ ಹಿಡಿದು ಅಳುವುದಕ್ಕೆ, ‘ಇನ್ನೊಮ್ಮೆ’ ಎಂದು ಕೂಗುವುದಕ್ಕೆ ಬೇರೆ ಬೇರೆ ಜನರನ್ನು ಕೂಲಿಗೆ ಗೊತ್ತುಮಾಡುತ್ತಿದ್ದರು. ಅವರನ್ನು ಒದಗಿಸುವುದಕ್ಕೆಂದೇ 1820ರಲ್ಲಿ ಒಂದು ಏಜೆನ್ಸಿ ಕೂಡ ತೆರೆದಿತ್ತು. ಆದರೂ ನನ್ನ ಮತ ಅಜ್ಜಿಯ ಕಡೆಗೇ. ಮುಂಗಾರಣ್ಣ ಹಿಂದಿನ ರಾತ್ರಿಯೂ ಅದೇ ನಾಟಕ ನೋಡಿದ್ದ, ಮತ್ತೆ ದುಡ್ಡು ಕೊಟ್ಟು ಬಂದಿದ್ದ, ಅಷ್ಟೆ. ಕೂಲಿಗೆ ನಗುವವನು ಹೊತ್ತಿಗೆ ಸರಿಯಾಗಿ ನಗುತ್ತಾನೆ.

ಆ ಕ್ಯಾಸೆಟ್ಟಿನಲ್ಲಿ ಒಂದು ಗೂಢವಿತ್ತು. ಮದುವೆಯ ದಲ್ಲಾಳಿ ಗಂಡಿನ ಗುಣಗಾನ ಮಾಡುತ್ತಿದ್ದಾನೆ. “ಕೆಟ್ಟ ಚಟ ಏನಾದರೂ?” ಎಂದು ಹೆಣ್ಣಿನ ಅಪ್ಪ. “ಒಂದೇ ಒಂದು. ಹಸಿ ಈರುಳ್ಳಿ ತಿನ್ನುತ್ತಾನೆ.” “ಅದೇನು ಚಟವೇ? ಎಲ್ಲರೂ ತಿನ್ನುತ್ತಾರೆ.” “ಅಲ್ಲ ರಾಯರೇ...” ಅಲ್ಲಿಗೆ ಮುಂಗಾರಣ್ಣ ಶುರು. ಆಮೇಲೆ ಎರಡು ಕ್ಷಣ ವೇದಿಕೆಯಲ್ಲಿ ಮೌನ. ಆಮೇಲೆ ಇಡೀ ಥಿಯೇಟರ್ ಬಿದ್ದುಹೋಗುವಂಥ ನಗು. ದಲ್ಲಾಳಿ ಹೇಳಿದ ಮಾತು ಅದರಡಿ ಹೂತುಹೋಗಿತ್ತು. ಮಾವ ಟೇಪಿಗೆ ಕಿವಿ ಹಚ್ಚಿದರೂ ಸಿಗಲಿಲ್ಲ. ನಾಟಕ ಕಣ್ಣಾರೆ ನೋಡಿದವನು ನೀನೇ ಅಲ್ಲವೇ ಎಂದರೆ, ಆಗ ಶೇಂಗಾದ ಪೊಟ್ಟಣ ಕೆಳಗೆ ಬಿದ್ದಿತ್ತು ಎನ್ನುತ್ತಿದ್ದ. ಹೀಗಾಗಿ ಆ ಜಾಗಕ್ಕೆ ಮನೆಯವರೆಲ್ಲ ತಮಗೆ ತೋಚಿದ ಮಾತು ತುಂಬುತ್ತಿದ್ದರು. ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಅಜ್ಜಿಯದು: “ಅಲ್ಲ ರಾಯರೇ, ಅಳಿಯನಾಗುವವನು ಅಳುವುದನ್ನು ಈಗಿಂದಲೇ ಕಲಿಯುತ್ತಿದ್ದಾನೆ.”

ಮುಂದೆ ಸಿಡಿಗಳ ಕಾಲ ಬಂದಾಗ ಬಸ್ ನಿಲ್ದಾಣದ ಅಂಗಡಿಯೊಂದರಲ್ಲಿ ಅದೇ ನಾಟಕದ ವಿಸಿಡಿ ಕಣ್ಣಿಗೆ ಬಿತ್ತು. ಸ್ಟುಡಿಯೊದಲ್ಲಿ ತೆಗೆದದ್ದು. ತಂದು, ಎಲ್ಲರನ್ನೂ ಕೂರಿಸಿ ಹಾಕಿದೆ. ಬಣ್ಣ ಬಣ್ಣದ ಪರದೆ, ಒಬ್ಬೊಬ್ಬರಿಗೂ ಒಂದೊಂದು ಮೈಕು, ಒಂದು ಅಕ್ಷರವೂ ತಪ್ಪದಂತೆ ಕೇಳುವ ಮಾತು. ದಲ್ಲಾಳಿ ಬಂದ. ಈರುಳ್ಳಿ ಬಂತು. ಮಾವ ಕುರ್ಚಿಯ ತುದಿಗೆ ಸರಿದ. “ಅಲ್ಲ ರಾಯರೇ, ದಿನಾ ತಿನ್ನುವುದಿಲ್ಲ. ಕುಡಿದ ದಿನ ಮಾತ್ರ, ಬಾಯಿ ವಾಸನೆ ತಿಳಿಯಬಾರದು ಎಂದು.” ಹೆಣ್ಣಿನ ಅಪ್ಪ ಕೂಡಲೇ ಮುಂದಿನ ಮಾತಿಗೆ ಹೋದ. ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ. “ಇಷ್ಟೇಯೇನೋ?” ಎಂದರು ಅಜ್ಜಿ. ಅದಕ್ಕಿಂತ ಹಳೆಯ ಜೋಕು ಅವರ ತವರಿನಲ್ಲಿಯೂ ಇದ್ದಿರಲಾರದು.

ಹಾಗಾದರೆ ಶಿರಸಿಯಲ್ಲಿ ಅಷ್ಟು ಜನ ನಕ್ಕದ್ದು ಏತಕ್ಕೆ? ನನಗೆ ಅನುಮಾನ ಇರುವುದು ಆ ಎರಡು ಕ್ಷಣದ ಮೌನದ ಮೇಲೆ. ದಲ್ಲಾಳಿ ಅಲ್ಲಿ ಏನೋ ಮಾಡಿದ್ದಾನೆ. ತೂರಾಡಿರಬಹುದು, ತನ್ನ ಬಾಯಿಯನ್ನೇ ಅಂಗೈಗೆ ಊದಿ ಮೂಸಿರಬಹುದು. ಹಿಂದಿನ ಸಾಲಿನಲ್ಲಿ ಒಬ್ಬ ಮೊದಲೇ ನಗಲು ಶುರುಮಾಡಿದ್ದು ಕಿವಿಗೆ ಬಿದ್ದು, ಅವನನ್ನು ಇನ್ನಷ್ಟು ಕಾಯಿಸೋಣ ಎಂದು ಬೇಕೆಂದೇ ತಡೆದಿರಬಹುದು. ಹಾಗೆ ತಡೆಯಲು ಧೈರ್ಯ ಬೇಕು, ಆ ಧೈರ್ಯ ಕೊಟ್ಟವನು ಮುಂಗಾರಣ್ಣ. ಸ್ಟುಡಿಯೊದಲ್ಲಿ ಯಾರನ್ನು ನಂಬಿ ತಡೆಯುವುದು? ಗಡಿಯಾರ ಓಡುತ್ತಿರುತ್ತದೆ, ಬಾಡಿಗೆ ಏರುತ್ತಿರುತ್ತದೆ.

ಇದನ್ನು ಹೇಳಿದರೆ ಅತ್ತೆ ಒಪ್ಪುವುದಿಲ್ಲ. ಅವರಿಗೆ ವಿಸಿಡಿಯೇ ಇಷ್ಟ. ಅಡಿಗೆ ಮನೆಯಲ್ಲಿದ್ದರೂ ಮಾತು ಸ್ಪಷ್ಟವಾಗಿ ಕೇಳುತ್ತದೆ, ಯಾರೂ ಕೆಮ್ಮುವುದಿಲ್ಲ. “ನಿನಗೆ ಬೇಕಾದದ್ದು ನಾಟಕವೋ, ನಾಟಕ ನೋಡುವವರೋ?” ಎಂದು ಕೇಳಿದರು. ಉತ್ತರ ಹೊಳೆಯದೆ, ನಿಮ್ಮಂಥವರಿಂದಲೇ ರಂಗಭೂಮಿ ಹಾಳಾದದ್ದು ಎಂದುಬಿಟ್ಟೆ. ಅವರು ಮಿಕ್ಸಿ ಹಾಕಿದರು. ಅಮೆರಿಕದ ಹಾಸ್ಯನಟಿ ಲೂಸಿಲ್ ಬಾಲ್ ಅವರ ತಾಯಿ ಮಗಳ ಚಿತ್ರೀಕರಣದ ಸಭೆಯಲ್ಲಿ ಕುಳಿತು, ಮಗಳು ಎಡವಟ್ಟು ಮಾಡುವ ಮೊದಲೇ ‘ಅಯ್ಯೋ’ ಎನ್ನುವಂತೆ ಉದ್ಗರಿಸುತ್ತಿದ್ದದ್ದು ಹಳೆಯ ಮುದ್ರಣಗಳಲ್ಲಿ ಇಂದಿಗೂ ಕೇಳುತ್ತದಂತೆ. ಅಲ್ಲಿಯೂ ಒಬ್ಬ ಮುಂಗಾರಮ್ಮ ಇದ್ದರು ಎಂಬ ಈ ಪುರಾವೆಯನ್ನು ಮಿಕ್ಸಿಯ ಸದ್ದಿನ ಮೇಲೆ ಮಂಡಿಸಲು ಆಗಲಿಲ್ಲ.

ಮೊನ್ನೆ ಮಾವನ ಕ್ಯಾಸೆಟ್ಟುಗಳು ಬೂಸಲು ಹಿಡಿಯುವ ಮೊದಲು ಪೆನ್‌ಡ್ರೈವಿಗೆ ಹಾಕಿಸೋಣ ಎಂದು ಇಲ್ಲೊಂದು ಅಂಗಡಿಗೆ ಕೊಟ್ಟೆ. ಹುಡುಗ ಹೇಳಿದ ದಿನಕ್ಕೇ ಕೆಲಸ ಮುಗಿಸಿದ್ದ, ನಾನು ಕೇಳದೆಯೇ ಹೆಚ್ಚಿನ ಶ್ರಮವನ್ನೂ ಹಾಕಿದ್ದ. “ಹಿಂದೆ ತುಂಬ ಗಲಾಟೆ ಇತ್ತು ಸಾರ್, ಎಲ್ಲ ಕ್ಲೀನ್ ಮಾಡಿದ್ದೇನೆ.” ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿದೆ. ಶೇಂಗಾ ಇಲ್ಲ. ಸಭೆ ನೀರಿನಡಿ ಮುಳುಗಿ ಗುಳುಗುಟ್ಟುತ್ತಿದೆ. ‘ಅಲ್ಲ ರಾಯರೇ’ ಆದ ಮೇಲೆ ನೆಲಬಾವಿಯ ಮೌನ. ನಗುವೇ ಇಲ್ಲವಲ್ಲಪ್ಪ ಎಂದೆ. ನನ್ನ ಮುಖ ನೋಡಿ ಹುಡುಗನಿಗೆ ಪಾಪ ಅನ್ನಿಸಿರಬೇಕು. ಕಂಪ್ಯೂಟರಿನ ಕಡೆ ತಿರುಗಿ ಒಂದು ಫೋಲ್ಡರ್ ತೆರೆದ.

“ನಗು ಬೇಕಿತ್ತಾ ಸಾರ್? ಮೊದಲೇ ಹೇಳಬಾರದಿತ್ತೇ? ನನ್ನ ಹತ್ತಿರ ಬೇಕಾದಷ್ಟಿದೆ, ಹಾಕಿಕೊಡುತ್ತೇನೆ. ಬರೀ ಹೆಂಗಸರದ್ದೋ, ಮಿಕ್ಸೋ?”